ಫ್ರಿಜ್ ಕೆಟ್ಟ ರಾತ್ರಿಯ ಲಸಿಕೆಗಳು: ಲಾಗರ್ ನಂಬಬೇಕೋ, ಸೀಸೆಯ ಮೇಲಿನ ಗುರುತನ್ನೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಲಸಿಕೆಗಳ ದಾಸ್ತಾನು ನೋಡಿಕೊಳ್ಳುವ ಕೆಲಸಕ್ಕೆ ನಾನು ಹೊಸಬಳು. ಕಳೆದ ವಾರ ಒಂದು ರಾತ್ರಿ ಫ್ರಿಜ್ ಕೆಟ್ಟು, ಒಳಗಿನ ಉಷ್ಣತೆ 11 ಗಂಟೆಗಳ ಕಾಲ 8 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿತ್ತು, ಹೆಚ್ಚೆಂದರೆ 16 ಡಿಗ್ರಿ ಮುಟ್ಟಿತ್ತು ಎಂದು ಡೇಟಾ ಲಾಗರ್ (ಉಷ್ಣತೆಯನ್ನು ತಾನಾಗಿ ದಾಖಲಿಸುವ ಉಪಕರಣ) ತೋರಿಸುತ್ತಿದೆ. ಬೆಳಿಗ್ಗೆ ಬಂದವಳೇ ಫ್ರೀಜರಿನಿಂದ ಐಸ್ ಪ್ಯಾಕ್‌ಗಳನ್ನು ತೆಗೆದು ಕೋಲ್ಡ್ ಬಾಕ್ಸಿಗೆ ತುಂಬಿ, ಎಲ್ಲ ಸೀಸೆಗಳನ್ನೂ ಅದರೊಳಗಿಟ್ಟೆ. ಫ್ರಿಜ್ ದುರಸ್ತಿಯಾಗುವ ತನಕ ಆರು ಗಂಟೆ ಅಲ್ಲೇ ಇದ್ದವು. ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ಹೆಪಟೈಟಿಸ್ ಬಿ ಮತ್ತು ದಡಾರ-ರುಬೆಲ್ಲಾ ಸೀಸೆಗಳ ವಿವಿಎಂ (ಸೀಸೆ ಕಂಡ ಬಿಸಿಯನ್ನು ಬಣ್ಣದಲ್ಲಿ ತೋರಿಸುವ ವ್ಯಾಕ್ಸೀನ್ ವಯಲ್ ಮಾನಿಟರ್) ಗುರುತಿನ ಒಳಚೌಕ ಇನ್ನೂ ಬೆಳ್ಳಗಿದೆ, ಪೋಲಿಯೊ ಹನಿಯ ಸೀಸೆಗಳಲ್ಲಿ ಮಾತ್ರ ತುಸು ಬಣ್ಣ ಏರಿದೆ. ಲಾಗರ್ ಎಚ್ಚರಿಕೆ ಕೊಟ್ಟ ಮೇಲೆ ಎಲ್ಲವನ್ನೂ ಎಸೆಯಬೇಕು ಎಂದು ಒಬ್ಬ ಹಿರಿಯರು ಹೇಳುತ್ತಾರೆ, ವಿವಿಎಂ ಸರಿಯಿದ್ದರೆ ಚಿಂತೆಯೇ ಬೇಡ ಎಂದು ಇನ್ನೊಬ್ಬರು. ಯಾರ ಮಾತು ಸರಿ?

ಉತ್ತರ 1:
ಬಿಸಿಯ ಮಟ್ಟಿಗೆ ಎರಡನೆಯವರ ಮಾತು ಹೆಚ್ಚು ಸರಿ. ಲಾಗರ್ ತಾನಿರುವ ಜಾಗದ ಉಷ್ಣತೆಯನ್ನು ಹೊತ್ತುಹೊತ್ತಿಗೆ ಬರೆದಿಡುತ್ತದೆಯೇ ಹೊರತು, ಆ ಸೀಸೆ ಅಲ್ಲಿಗೆ ಬರುವ ಮುನ್ನ ಲಾರಿಯಲ್ಲೋ ಬೇರೊಂದು ಉಗ್ರಾಣದಲ್ಲೋ ಎಷ್ಟು ಬಿಸಿ ಕಂಡಿತ್ತು ಎಂಬುದು ಅದಕ್ಕೆ ತಿಳಿಯದು. ವಿವಿಎಂ ತಯಾರಿಕಾ ಘಟಕದಿಂದಲೇ ಸೀಸೆಯೊಂದಿಗೆ ಬಂದಿರುತ್ತದೆ. ಅದರ ಚೌಕದಲ್ಲಿರುವ ರಾಸಾಯನಿಕ ಬಿಸಿಯಲ್ಲಿ ಬೇಗ, ತಂಪಿನಲ್ಲಿ ಬಲು ನಿಧಾನವಾಗಿ ಬಣ್ಣ ಕಟ್ಟುತ್ತಾ ಹೋಗುತ್ತದೆ, ಒಮ್ಮೆ ಏರಿದ ಬಣ್ಣ ಮತ್ತೆ ಇಳಿಯುವುದಿಲ್ಲ. ಚೌಕವು ಸುತ್ತಲಿನ ವೃತ್ತದಷ್ಟೇ ಗಾಢವಾದರೆ ಆ ಸೀಸೆ ಬಳಕೆಗೆ ಬಾರದು.

ವಿವಿಎಂ 2, 7, 14, 30 ಎಂಬ ಹೆಸರುಗಳಲ್ಲಿನ ಸಂಖ್ಯೆ, 37 ಡಿಗ್ರಿಯಲ್ಲಿ ಆ ಹಂತ ತಲುಪಲು ಬೇಕಾಗುವ ದಿನಗಳನ್ನು ಸೂಚಿಸುತ್ತದೆ. 14ರ ಬಗೆಯ ಗುರುತಿಗೆ 25 ಡಿಗ್ರಿಯಲ್ಲಿ 90 ದಿನ ಬೇಕು. 1996ರಲ್ಲಿ ಮೊದಲು ಈ ಗುರುತು ಬಂದದ್ದೇ ಪೋಲಿಯೊ ಹನಿಗೆ; ಅದು ಎಲ್ಲಕ್ಕಿಂತ ಸೂಕ್ಷ್ಮವಾದ್ದರಿಂದ 2ರ ಬಗೆ. ಅದಕ್ಕೂ 5 ಡಿಗ್ರಿಯಲ್ಲಿ 225 ದಿನ ಹಿಡಿಯುತ್ತದೆ. ಹಾಗಾಗಿ 16 ಡಿಗ್ರಿಯ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಕಾಣುವಷ್ಟು ಬಣ್ಣ ಏರಿರಲಾರದು. ನೀವು ಕಂಡದ್ದು ಹಳೆಯ ಲೆಕ್ಕ. ಸರಕು ಬಂದ ದಿನ ವಿವಿಎಂ ಹೇಗಿತ್ತು ಎಂದು ದಾಸ್ತಾನು ಪುಸ್ತಕದಲ್ಲಿ ನೋಡಿ. ಬಣ್ಣ ಏರಿದ ಸೀಸೆಗಳನ್ನು, ಅವಧಿ ಮುಗಿಯುವ ದಿನಾಂಕ ದೂರವಿದ್ದರೂ, ಮೊದಲು ಖರ್ಚು ಮಾಡಬೇಕು. ವಿವಿಎಂ ಇಲ್ಲದ ಲಸಿಕೆ ಇದ್ದರೆ ಲಾಗರಿನ ದಾಖಲೆಯೊಂದಿಗೆ ಮೇಲಧಿಕಾರಿಗಳನ್ನೋ ತಯಾರಕರನ್ನೋ ಕೇಳದೆ ಬಳಸಬೇಡಿ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ನನ್ನ ಕಣ್ಣು ನಿಂತದ್ದು ಪ್ರಶ್ನೆಯ ಮಧ್ಯದ ಒಂದು ವಾಕ್ಯದ ಮೇಲೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ನೇರವಾಗಿ ಬಳಸಿದಿರಾ? ಹಾಗಿದ್ದಲ್ಲಿ ರಾತ್ರಿಯ ಬಿಸಿಗಿಂತ ಬೆಳಗಿನ ಆ ಆರು ಗಂಟೆಯೇ ಅಪಾಯದ್ದು. ಪೆಂಟಾವೇಲೆಂಟ್ ಮತ್ತು ಹೆಪಟೈಟಿಸ್ ಬಿ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಹೆಪ್ಪುಗಟ್ಟಿದರೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಲಸಿಕೆ ಹಾಳಾಗುತ್ತದೆ, ಕರಗಿದ ಮೇಲೆ ಸೀಸೆ ನೋಡಲು ಮೊದಲಿನಂತೆಯೇ ಇರಬಹುದು. ಹೆಪ್ಪುಗಟ್ಟಿದ್ದನ್ನು ವಿವಿಎಂ ತೋರಿಸುವುದೇ ಇಲ್ಲ. ದಡಾರ-ರುಬೆಲ್ಲಾ ಪುಡಿಗೂ ಪೋಲಿಯೊ ಹನಿಗೂ ಈ ಭಯವಿಲ್ಲ.

ಸಂಶಯವಿರುವವನ್ನು 'ಬಳಸಬೇಡಿ' ಎಂಬ ಚೀಟಿಯೊಂದಿಗೆ ಫ್ರಿಜ್‌ನಲ್ಲೇ ಬೇರೆಯಾಗಿಟ್ಟು, ಶೇಕ್ ಟೆಸ್ಟ್ ಮಾಡಿ. ಅದೇ ತಯಾರಕರ, ಅದೇ ಬ್ಯಾಚಿನ ಒಂದು ಸೀಸೆಗೆ ಗುರುತು ಹಾಕಿ ರಾತ್ರಿಯಿಡೀ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಪೂರ್ತಿ ಕರಗಿಸಿ. ಅದನ್ನೂ ಸಂಶಯದ ಸೀಸೆಯನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡು ಅಲುಗಾಡಿಸಿ, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಅರ್ಧ ಗಂಟೆಯವರೆಗೆ ಗಮನಿಸಿ. ಸಂಶಯದ ಸೀಸೆಯ ಗಷ್ಟು ಹೆಪ್ಪುಗಟ್ಟಿಸಿದ ಸೀಸೆಯಷ್ಟೇ ಬೇಗ ಅಥವಾ ಅದಕ್ಕಿಂತ ಬೇಗ ತಳಕ್ಕಿಳಿದರೆ ಅದು ಹೋಯಿತು ಎಂದೇ ಅರ್ಥ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪರೀಕ್ಷೆ ಮಾಡಿದೆವು. ಕೋಲ್ಡ್ ಬಾಕ್ಸಿನ ನಡುವೆ ಇದ್ದ ಹೆಪಟೈಟಿಸ್ ಬಿ ಸೀಸೆ ಅರ್ಧ ಗಂಟೆ ಕಳೆದರೂ ಹಾಲಿನಂತೆ ಮಬ್ಬಾಗಿಯೇ ಇತ್ತು. ಪ್ಯಾಕಿಗೆ ತಾಗಿಕೊಂಡಿದ್ದ ಸೀಸೆಯಲ್ಲಿ ಹತ್ತೇ ನಿಮಿಷಕ್ಕೆ ಮೇಲೆ ತಿಳಿನೀರು, ಕೆಳಗೆ ಬಿಳಿಯ ಗಷ್ಟು. ಯಾವ ಸೀಸೆ ಎಲ್ಲಿತ್ತು ಎಂಬುದು ಈಗ ಯಾರಿಗೂ ನೆನಪಿಲ್ಲದ ಕಾರಣ, ಆ ಬಾಕ್ಸಿನಲ್ಲಿದ್ದ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್ ಎರಡನ್ನೂ ಪೂರ್ತಿ ತಡೆಹಿಡಿದು ವರದಿ ಕಳುಹಿಸಿದ್ದೇನೆ. ಮುಂದಿನ ಸಲ ಐಸ್ ಪ್ಯಾಕ್‌ಗಳನ್ನು ಹೊರಗೆ ಎಷ್ಟು ಹೊತ್ತು ಇಡಬೇಕು?

ಉತ್ತರ 2:
ಗಡಿಯಾರ ನೋಡಬೇಡಿ, ಕೋಣೆಯ ಸೆಕೆಗೆ ತಕ್ಕಂತೆ ಅದು ಬದಲಾಗುತ್ತದೆ. ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿ, ಆಗಾಗ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ನೀರು ಆಡುವ, ಮಂಜುಗಡ್ಡೆ ಅದರಲ್ಲಿ ಕುಲುಕುವ ಸದ್ದು ಕೇಳಿಸಿದ ಮೇಲೆಯೇ ಒರೆಸಿ ಬಾಕ್ಸಿಗೆ ಹಾಕಿ.