ಫಿಲ್ಟರ್ ಬದಲಿಸಿದ ಮೇಲೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಆಯಿಲ್ ದೀಪ ಬೇಗ ಆರುತ್ತಿಲ್ಲ

ಹಳೇಕಾರು, ದಾವಣಗೆರೆ:
ನನ್ನದು 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಕಾರು. 82,000 ಕಿಲೋಮೀಟರ್ ಓಡಿದೆ. ಕಳೆದ ವಾರ ಮನೆಯಂಗಳದಲ್ಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ. ಆಯಿಲ್ ಕೈಪಿಡಿಯಲ್ಲಿ ಹೇಳಿರುವ ಗ್ರೇಡಿನದೇ. ಫಿಲ್ಟರ್ ಮಾತ್ರ ಈ ಸಲ ಬೇರೆ ಅಂಗಡಿಯಿಂದ ತಂದದ್ದು. ಅಂದಿನಿಂದ, ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಒತ್ತಡದ ಕೆಂಪು ದೀಪ ನಾಲ್ಕೈದು ಸೆಕೆಂಡ್ ಆರುವುದೇ ಇಲ್ಲ. ಅಷ್ಟು ಹೊತ್ತೂ ಟೈಮಿಂಗ್ ಚೈನ್ ಕಡೆಯಿಂದ, ತಗಡಿನ ಡಬ್ಬಿಯಲ್ಲಿ ನಾಲ್ಕು ನಟ್ಟು ಹಾಕಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿ ಹೊರಟರೆ ಈ ತೊಂದರೆ ಇಲ್ಲ. ಎಲ್ಲಿಯೂ ಒಂದು ಹನಿ ಸೋರಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಮಟ್ಟವೂ ಸರಿಯಿದೆ. ಗ್ಯಾರೇಜಿನವರು ಆಯಿಲ್ ಪಂಪ್ ಹೋಗಿದೆ, ಎಂಜಿನ್ನಿನ ಮುಂಭಾಗ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?

ಡಿಪ್‌ಸ್ಟಿಕ್:
ಮೊದಲು ಆ ದೀಪವನ್ನು ಹೊತ್ತಿಸಿ ಆರಿಸುವ ಪ್ರೆಶರ್ ಸ್ವಿಚ್ ಬದಲಿಸಿ ನೋಡಿ, ಅದು ಅಗ್ಗದ ಭಾಗ. ಆದರೆ ಚೈನನ್ನು ಬಿಗಿಹಿಡಿಯುವುದು ಸಾಮಾನ್ಯವಾಗಿ ಆಯಿಲ್ ಒತ್ತಡವೇ; ದೀಪದ ಜೊತೆಗೆ ಚೈನ್ ಸದ್ದೂ ಇದೆ ಎಂದಿರುವುದರಿಂದ ಒತ್ತಡ ನಿಜವಾಗಿಯೇ ತಡವಾಗಿ ಏರುತ್ತಿರಬೇಕು. ಸ್ವಿಚ್ ಸುಳ್ಳು ಹೇಳಿದರೆ ಚೈನ್ ಅದಕ್ಕೆ ತಾಳ ಹಾಕುವುದಿಲ್ಲ.

ಪೀಣ್ಯದವ:
ಪಂಪ್ ಬಿಚ್ಚಿಸಬೇಡಿ, ಸದ್ಯಕ್ಕಂತೂ ಬೇಡ. ಪಂಪ್ ಸವೆದಿದ್ದರೆ ಅದರ ಲಕ್ಷಣ ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಾಗ, ಐಡ್ಲಿಂಗ್‌ನಲ್ಲಿ ಕಾಣಬೇಕಿತ್ತು. ನಿಮ್ಮ ತೊಂದರೆ ಕಾಣುವುದು ಕಾರು ಬಹಳ ಹೊತ್ತು ನಿಂತಾಗ ಮಾತ್ರ, ಅದೂ ಫಿಲ್ಟರ್ ಬದಲಿಸಿದ ದಿನದಿಂದ. ಪೀಣ್ಯದ ಒಂದು ಫಿಲ್ಟರ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನಾಗಿ ನನ್ನ ಅನುಮಾನ ನೇರವಾಗಿ ಫಿಲ್ಟರಿನ ಆ್ಯಂಟಿ-ಡ್ರೈನ್‌ಬ್ಯಾಕ್ ವಾಲ್ವ್ ಮೇಲೆ ಹೋಗುತ್ತದೆ.

ಫಿಲ್ಟರಿನ ಬಾಯಿ ನೋಡಿದ್ದೀರಲ್ಲ, ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತಲೂ ಸಣ್ಣ ತೂತುಗಳ ಬಳೆ. ಪಂಪಿನಿಂದ ಬಂದ ಆಯಿಲ್ ಸಣ್ಣ ತೂತುಗಳಿಂದ ಒಳಹೊಕ್ಕು, ಮಡಿಕೆ ಮಡಿಕೆಯಾದ ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುತೂತಿನಿಂದ ಬೇರಿಂಗುಗಳ ಕಡೆ ಹೋಗುತ್ತದೆ. ಆ ಸಣ್ಣ ತೂತುಗಳ ಹಿಂದೆ ತಟ್ಟೆಯಂಥ ಒಂದು ರಬ್ಬರ್ ಇರುತ್ತದೆ. ಕಪ್ಪಗಿದ್ದರೆ ಸಾಮಾನ್ಯವಾಗಿ ನೈಟ್ರೈಲ್, ಕಿತ್ತಳೆ ಬಣ್ಣದ್ದಾದರೆ ಹೆಚ್ಚಾಗಿ ಸಿಲಿಕೋನ್. ಎಂಜಿನ್ ನಿಂತಾಗ ಅದು ತೂತುಗಳನ್ನು ಮುಚ್ಚಿ ಆಯಿಲ್ ಹಿಂದಕ್ಕೆ ಎಂಜಿನ್ನಿನ ತಳದ ತೊಟ್ಟಿಗೆ (ಸಂಪ್) ಇಳಿಯದಂತೆ ಹಿಡಿದಿಡಬೇಕು. ಅದು ಮುಚ್ಚದಿದ್ದರೆ ರಾತ್ರಿ ಫಿಲ್ಟರ್ ಖಾಲಿಯಾಗುತ್ತದೆ, ಬೆಳಿಗ್ಗೆ ಪಂಪ್ ಮೊದಲು ಆ ಡಬ್ಬಿಯನ್ನು ತುಂಬಿಸಬೇಕು. ನಿಮ್ಮ ನಾಲ್ಕೈದು ಸೆಕೆಂಡ್ ಹೋಗುತ್ತಿರುವುದು ಬಹುಶಃ ಅಲ್ಲಿಯೇ.

ಎರಡು ವಿಷಯ ತಿಳಿಸಿ. ಫಿಲ್ಟರ್ ಅಡ್ಡಕ್ಕೆ ಕೂತಿದೆಯೇ, ಅಥವಾ ಬಾಯಿ ಮೇಲಾಗಿ ನೇತಾಡುತ್ತಿದೆಯೇ? ಬಾಯಿ ಮೇಲಿದ್ದರೆ ಆಯಿಲ್ ಎಲ್ಲಿಗೂ ಇಳಿಯುವುದಿಲ್ಲ, ನನ್ನ ಊಹೆ ಬಿದ್ದುಹೋಗುತ್ತದೆ. ಇನ್ನೊಂದು, ಅದು ನಿಮ್ಮ ಎಂಜಿನ್ನಿಗೆ ಹೇಳಿದ ಸಂಖ್ಯೆಯ ಫಿಲ್ಟರೇ? ಥ್ರೆಡ್ ಹೊಂದಿತು ಎಂದಮಾತ್ರಕ್ಕೆ ಫಿಲ್ಟರ್ ಹೊಂದಿತು ಎಂದಲ್ಲ. ಒಂದೇ ಎಂ20×1.5 ಅಳತೆಯ ಥ್ರೆಡ್ಡಿನ ಎರಡು ಫಿಲ್ಟರುಗಳಲ್ಲಿ ಒಂದಕ್ಕೆ ಒಳಗೆ, ಕಾಗದ ಕಟ್ಟಿಕೊಂಡಾಗ ಆಯಿಲ್‌ಗೆ ಬದಲಿ ದಾರಿ ಬಿಡುವ ಬೈಪಾಸ್ ವಾಲ್ವ್ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ಹಳೇಕಾರು:
ಅಡ್ಡಕ್ಕೇ ಕೂತಿದೆ. ಸಂಖ್ಯೆ ಕೈಪಿಡಿಗೆ ತಾಳೆಯಾಗುತ್ತದೆ. ಗ್ಯಾಸ್ಕೆಟ್ ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿದಿದ್ದೇನೆ, ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೆ ಅಂಟಿ ಉಳಿದಿರಲಿಲ್ಲ.

ಪೀಣ್ಯದವ:
ಹಾಗಾದರೆ ಇಂದು ರಾತ್ರಿ ಕಾರು ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆಯೇ ಕೆಳಗೆ ಅಗಲವಾದ ತಟ್ಟೆ ಇಟ್ಟು ಫಿಲ್ಟರ್ ಬಿಚ್ಚಿ. ಒಳ್ಳೆಯ ಫಿಲ್ಟರ್ ಕೈಗೆ ಭಾರವಾಗಿ ಬರುತ್ತದೆ, ಬಿಚ್ಚುವಾಗಲೇ ಮೊಣಕೈವರೆಗೆ ಆಯಿಲ್ ಇಳಿಯುತ್ತದೆ. ಹಗುರವಾಗಿ ಬಂದರೆ ಉತ್ತರ ಸಿಕ್ಕಂತೆ. ಅದನ್ನು ಕತ್ತರಿಸಿ ನೋಡುವ ಮನಸ್ಸಿದ್ದರೆ ಹ್ಯಾಕ್ಸಾ ಬಳಸಬೇಡಿ. ಆ ಪುಡಿ ಮಡಿಕೆಗಳಲ್ಲಿ ಕೂತರೆ, ಅಲ್ಲಿ ಹೊಳೆಯುತ್ತಿರುವುದು ಎಂಜಿನ್ನಿನ ಲೋಹವೋ ಗರಗಸದ್ದೋ ತಿಳಿಯುವುದಿಲ್ಲ. ಪೈಪ್ ಕಟರ್‌ನಂತೆ ಚಕ್ರ ತಿರುಗುವ ಫಿಲ್ಟರ್ ಕಟರ್ ಯಾರಲ್ಲಾದರೂ ಸಿಗಬಹುದು.

ಹಳೇಕಾರು:
ಫಿಲ್ಟರ್ ಹೆಚ್ಚುಕಡಿಮೆ ಖಾಲಿ ಬಂತು, ತಟ್ಟೆಗೆ ಬಿದ್ದದ್ದು ಎರಡು ಚಮಚ. ಟ್ರಾಕ್ಟರ್ ರಿಪೇರಿಯವರೊಬ್ಬರ ಕಟರ್ ತಂದು ಬಿಚ್ಚಿದೆ. ಕಾಗದ ಹರಿದಿಲ್ಲ, ಲೋಹದ ಪುಡಿಯೂ ಇಲ್ಲ. ಆದರೆ ಕಪ್ಪು ರಬ್ಬರ್ ತಟ್ಟೆಯ ಅಂಚು ಒಂದು ಕಡೆ ಎರಡು ತೂತಿನಷ್ಟು ಅಗಲಕ್ಕೆ ಒಳಮುಖವಾಗಿ ಮಡಚಿಕೊಂಡಿದೆ, ಕಾಲರ್ ಮಡಚಿ ಸಿಕ್ಕಿಕೊಂಡ ಅಂಗಿಯ ಹಾಗೆ. ಬೆರಳಲ್ಲಿ ಬಿಡಿಸಿದರೂ ಗೆರೆ ಕೂತುಬಿಟ್ಟಿದೆ, ಮತ್ತೆ ಮಡಚಿಕೊಳ್ಳುತ್ತದೆ. ಅಂಗಡಿಯವನು ನಕಲಿ ಮಾಲು ಕೊಟ್ಟನೇ? ಅಸಲಿಯಾಗಿದ್ದರೆ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವುದಿಲ್ಲವೇ?

ಪೀಣ್ಯದವ:
ನಕಲಿ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಇದು ಜೋಡಣೆಯ ದೋಷ, ಅಸಲಿ ಕಾರ್ಖಾನೆಯಲ್ಲೂ ಆಗುತ್ತದೆ. ಫಿಲ್ಟರಿನ ಬಾಯಿಯ ತೂತುಗಳಿರುವ ತಟ್ಟೆಯ ನಡುವಿನ ಕುತ್ತಿಗೆಗೆ ರಬ್ಬರ್ ಕೂರಿಸಿ, ಅದರ ಮೇಲೆ ಕಾಗದದ ಎಲಿಮೆಂಟ್ ಇಟ್ಟು, ಹಿಂದಿನಿಂದ ಸ್ಪ್ರಿಂಗ್ ಒತ್ತುವಂತೆ ಡಬ್ಬಿ ಮುಚ್ಚಿ ಅಂಚು ಮಡಿಸುತ್ತಾರೆ. ರಬ್ಬರ್ ಒಂದೆರಡು ಮಿಲಿಮೀಟರ್ ಓರೆಯಾಗಿ ಕೂತಿದ್ದರೂ ಎಲಿಮೆಂಟ್ ಒತ್ತಿದಾಗ ಅಂಚು ಮಡಚಿಕೊಳ್ಳುತ್ತದೆ, ಆಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆ ಖಂಡಿತ ಇರುತ್ತದೆ, ಆದರೆ ಯಾವುದರ ಪರೀಕ್ಷೆ ಎಂಬುದು ಮುಖ್ಯ. ನಾನಿದ್ದ ಕಡೆ ಸಾಲಿನ ಕೊನೆಯಲ್ಲಿ ಪ್ರತಿಯೊಂದು ಫಿಲ್ಟರಿಗೂ ಗಾಳಿ ತುಂಬಿ ಸೋರಿಕೆ ನೋಡುತ್ತಿದ್ದೆವು. ಅದರಲ್ಲಿ ಸಿಕ್ಕಿಬೀಳುವುದು ಡಬ್ಬಿಯ ಅಂಚಿನ ಮಡಿಕೆ, ಡಬ್ಬಿಯ ಬಿರುಕು, ಗ್ಯಾಸ್ಕೆಟ್, ಅಂದರೆ ಹೊರಗಿನ ಪಾತ್ರೆ ಮಾತ್ರ. ಒಳಗಿನ ಕವಾಟಗಳಿಗೆ, ಕಾಗದಕ್ಕೆ ಬೇರೆ ಪರೀಕ್ಷೆಗಳಿವೆ. ಆಯಿಲ್ ಫಿಲ್ಟರ್ ಪರೀಕ್ಷೆಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4548 ಸರಣಿಯ 2ನೇ ಭಾಗ ಬೈಪಾಸ್ ವಾಲ್ವ್‌ಗೆ, 6ನೇ ಭಾಗ ಡಬ್ಬಿ ಒಡೆಯುವ ಒತ್ತಡಕ್ಕೆ, 9ನೇ ಭಾಗ ನಿಮ್ಮ ಈ ರಬ್ಬರಿಗೆ, 12ನೇ ಭಾಗ ಸೋಸುವ ಸಾಮರ್ಥ್ಯಕ್ಕೆ. ಇವನ್ನು ಪ್ರತಿ ಫಿಲ್ಟರಿಗೂ ಮಾಡಲಾಗದು, ಮಾದರಿ ತೆಗೆದು ಮಾಡಬೇಕು. ಸಾವಿರಕ್ಕೊಂದು ರಬ್ಬರ್ ಮಡಚಿಕೊಳ್ಳುತ್ತಿದೆ ಎಂದಿಟ್ಟುಕೊಳ್ಳಿ. ಪಾಳಿಗೆ ಐದು ಫಿಲ್ಟರ್ ಕತ್ತರಿಸಿ ನೋಡುವ ಇನ್‌ಸ್ಪೆಕ್ಟರಿಗೆ ಅದು ಸಿಗುವ ಸಾಧ್ಯತೆ ಸಾವಿರಕ್ಕೆ ಐದರಷ್ಟು; ಅವನು ಎಷ್ಟೇ ನಿಷ್ಠಾವಂತನಾಗಿದ್ದರೂ ನೂರಾರು ಪಾಳಿ ಏನೂ ಕಾಣದೆ ಕಳೆಯಬಹುದು. ಇಂಥ ದೋಷಕ್ಕೆ ಮಾದರಿ ಪರೀಕ್ಷೆ ಮದ್ದಲ್ಲ. ರಬ್ಬರ್ ಓರೆಯಾಗಿ ಕೂರಲು ಆಗದಂತೆ ಜೋಡಣೆಯಲ್ಲಿ ಭಾಗಗಳನ್ನು ಹಿಡಿದಿಡುವ ಫಿಕ್ಸ್ಚರನ್ನೇ ತಿದ್ದಬೇಕು, ಇಲ್ಲವೇ ಸೋರಿಕೆ ಪರೀಕ್ಷೆಯ ಜೊತೆಯಲ್ಲೇ ನಡುತೂತಿನಿಂದ ಹಿಮ್ಮುಖವಾಗಿ ಗಾಳಿ ಬಿಟ್ಟು ಪ್ರತಿಯೊಂದನ್ನೂ ನೋಡಬೇಕು. ನಮ್ಮಲ್ಲಿ ಇದನ್ನು ಒಪ್ಪಿಸಲು ಎರಡು ವರ್ಷ ಹಿಡಿಯಿತು, ಕಾರಣ ಪ್ರತಿ ಫಿಲ್ಟರಿಗೆ ಮೂರು ಸೆಕೆಂಡ್ ಹೆಚ್ಚು!

ಒಂದು ಲೆಕ್ಕದಲ್ಲಿ ನಿಮ್ಮ ಫಿಲ್ಟರ್ ಒಳ್ಳೆಯದೇ, ತನ್ನ ದೋಷವನ್ನು ಸದ್ದು ಮಾಡಿ ಹೇಳಿತು. ಕಾಗದದ ಮೊದಲ ಮತ್ತು ಕೊನೆಯ ಮಡಿಕೆ ಕೂಡುವ ಜೋಡಿನಲ್ಲಿ ಅಂಟು ಬಿಟ್ಟಿದ್ದರೆ ಆಯಿಲ್ ಸೋಸದೆ ದಾಟುತ್ತದೆ, ಆಗ ದೀಪವೂ ಇಲ್ಲ, ಸದ್ದೂ ಇಲ್ಲ.

ಡಿಪ್‌ಸ್ಟಿಕ್:
ಆ ಹಿಮ್ಮುಖ ಪರೀಕ್ಷೆಯನ್ನು ಕೊಳ್ಳುವಾಗ ನಾವೇ ಮಾಡಬಹುದೇ?

ಪೀಣ್ಯದವ:
ಮಾಡಬಹುದು. ಹೊಸ, ಒಣ ಫಿಲ್ಟರಿನ ನಡುತೂತಿಗೆ ಬಿಗಿಯಾಗಿ ಕೂರುವ ರಬ್ಬರ್ ಪೈಪ್ ಹಿಡಿದು ಮೆಲ್ಲಗೆ ಊದಿ. ಗಾಳಿ ಕಾಗದವನ್ನು ದಾಟಿ ರಬ್ಬರಿನ ಹಿಂದಕ್ಕೆ ಬಂದು ನಿಲ್ಲಬೇಕು. ಅಲ್ಪಸ್ವಲ್ಪ ಉಸಿರು ತಪ್ಪಿಸಿಕೊಂಡರೆ ಚಿಂತೆಯಿಲ್ಲ. ಸಣ್ಣ ತೂತುಗಳಿಂದ ಗಾಳಿ ಸರಾಗವಾಗಿ ಹೊರಬಂದರೆ ಅದನ್ನು ಬಿಟ್ಟು ಬೇರೆ ಕೇಳಿ. ಕಂಪ್ರೆಸರ್ ಗಾಳಿ ಮಾತ್ರ ಹಾಕಬೇಡಿ, ಕಾಗದ ಹಿಮ್ಮುಖವಾಗಿ ಉಬ್ಬಿ ಕೆಡುತ್ತದೆ.

ಹಳೇಕಾರು:
ಅದೇ ಅಂಗಡಿಗೆ ಕತ್ತರಿಸಿದ ಫಿಲ್ಟರ್ ಮತ್ತು ಬಿಲ್ಲು ಒಯ್ದೆ. ಕೌಂಟರಿನಲ್ಲಿ ಪೈಪ್ ಹಿಡಿದು ಊದುತ್ತ ನಿಂತವನನ್ನು ನೋಡಿ ಅಂಗಡಿಯ ಹುಡುಗರು ನಕ್ಕರು, ಮಾಲೀಕರು ನಗಲಿಲ್ಲ. ಅದೇ ಬ್ಯಾಚ್ ಸಂಖ್ಯೆಯ ನಾಲ್ಕು ಫಿಲ್ಟರುಗಳಲ್ಲಿ ಒಂದು ಊದಿದಷ್ಟೂ ಗಾಳಿ ಬಿಟ್ಟಿತು. ಆ ಡಬ್ಬಿಯನ್ನೂ ನಾನು ಕತ್ತರಿಸಿದ್ದನ್ನೂ ಅವರು ವಿತರಕರಿಗೆ ಕಳಿಸಲು ತೆಗೆದಿಟ್ಟುಕೊಂಡು, ನನಗೆ ಬೇರೆ ಬ್ಯಾಚಿನದನ್ನು ಕೊಟ್ಟರು. ಹಾಕಿ ಮೂರು ಬೆಳಗಾಯಿತು. ದೀಪ ಒಂದು ಸೆಕೆಂಡಿನೊಳಗೆ ಆರುತ್ತಿದೆ, ಚೈನ್ ಸದ್ದಿಲ್ಲ. ಪಂಪ್ ಬಿಚ್ಚಿಸಲಿಲ್ಲ.