ಅಜ್ಜಿ ಹೇಳಿದ ಕಥೆಯಲ್ಲಿ ಶಾಪ ಇರಲಿಲ್ಲ

ಗುಂಪು: ಅಂಕೋಲೆ ಅಜ್ಜಿಮನೆ
ಭಾನುವಾರ, ಬೆಳಗ್ಗೆ

ದೊಡ್ಡಪ್ಪ: (ಫಾರ್ವರ್ಡ್)
ಕಾರವಾರದ ಶಾಪಗ್ರಸ್ತ ದ್ವೀಪ ಅಂಜದೀಪ!! ಅಂಜದ ದ್ವೀಪ ಅಂದರೆ ಯಾರಿಗೂ ಹೆದರದ ದ್ವೀಪ. ಇಲ್ಲಿದ್ದ ಆರ್ಯಾದುರ್ಗೆಯ ಗುಡಿಯನ್ನು ಪರಂಗಿಗಳು ಕೆಡವಿದಾಗ ದೇವಿ ಶಾಪ ಕೊಟ್ಟಳು. ಆಯುಧ ಹಿಡಿದು ಕಾಲಿಟ್ಟವರು ಜೀವಂತ ಮರಳುವುದಿಲ್ಲ! 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರು ಸತ್ತರು. 1961ರಲ್ಲಿ ಹೋದ 7 ನಾವಿಕರೂ ಸತ್ತರು! 500 ವರ್ಷಗಳಿಂದ ಯಾರೂ ಗೆಲ್ಲದ ಕೋಟೆ! ಪ್ರತಿಯೊಬ್ಬ ಕನ್ನಡಿಗನಿಗೂ ತಲುಪಿಸಿ.
(ಫೋಟೊ)

ತಮ್ಮ, ಬೆಂಗಳೂರು: ಸೂಪರ್ ದೊಡ್ಡಪ್ಪ. ಇಷ್ಟು ಹತ್ತಿರ ಇದ್ದೂ ನನಗೆ ಗೊತ್ತೇ ಇರಲಿಲ್ಲ. ಆಫೀಸ್ ಗುಂಪಿಗೂ ಹಾಕಿದೆ.

ಚಿಕ್ಕಮ್ಮ: ತಾಯಿ ಎಲ್ಲರನ್ನೂ ಕಾಯಲಿ.

ನಾನು: ದೊಡ್ಡಪ್ಪ, ಈ ಫೋಟೊ ಅಂಜದೀಪದ್ದಲ್ಲ. ಸ್ವಲ್ಪ ದೊಡ್ಡದು ಮಾಡಿ ನೋಡಿ. ಗೋಡೆ ಸಮುದ್ರದ ನೀರಿನಿಂದಲೇ ಎದ್ದಿದೆ. ದುಂಡು ಬುರುಜುಗಳು ಸಾಲಾಗಿವೆ. ಇದು ಮಹಾರಾಷ್ಟ್ರದ ಮುರುಡ್ ಜಂಜೀರಾ, ಸಿದ್ದಿಗಳ ಕೋಟೆ. ಯಾರೂ ಗೆಲ್ಲಲಿಲ್ಲ ಅನ್ನುವ ಮಾತೂ ಅದರದ್ದೇ. ಶಿವಾಜಿ, ಅವನ ಮಗ ಸಂಭಾಜಿ ಇಬ್ಬರೂ ಪ್ರಯತ್ನಪಟ್ಟಿದ್ದರು, ಆಗಲಿಲ್ಲ. ನಮ್ಮ ಅಂಜದೀಪ ಗುಡ್ಡದ ದ್ವೀಪ. ದೂರದಿಂದ ನೋಡಿದರೆ ಹಸಿರು ಬೆನ್ನು ಮಾತ್ರ ಕಾಣುತ್ತದೆ, ಕೋಟೆ ಕಾಣುವುದಿಲ್ಲ.

ತಮ್ಮ, ಬೆಂಗಳೂರು: ಫೋಟೊ ಬೇರೆ ಆದರೆ ಏನಾಯ್ತು ಅಕ್ಕ? ವಿಷಯ ಸರಿ ಇದೆಯಲ್ಲ.

ನಾನು: ಇಲ್ಲ ಮಾರಾಯ, ವಿಷಯವೇ ಸರಿ ಇಲ್ಲ. ಯಾರೂ ಗೆಲ್ಲದ್ದು ಅನ್ನುವುದನ್ನೇ ತಗೊ. 1505ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡಾ ಅಲ್ಲಿ ಇಳಿದು ಕೋಟೆ ಕಟ್ಟಿಸಿದ. ಪೋರ್ಚುಗೀಸರ ಮೊದಲ ವೈಸ್‌ರಾಯ್ ಅವನು. ಮರುವರ್ಷ ಗೋವಾ ಕಡೆಯಿಂದ ಹಡಗುಗಳು ಬಂದು ಮುತ್ತಿದವು. ಆಮೇಲೆ ಇದನ್ನು ಕಾಯುವುದು ಕಷ್ಟ, ಖರ್ಚು ಜಾಸ್ತಿ ಅಂತ ಅವರೇ ಕೆಡವಿ ಹೋದರು. ಕಟ್ಟಿದವರೇ ಒಂದು ವರ್ಷಕ್ಕೆ ಬಿಟ್ಟುಹೋದ ಕೋಟೆ ಅದು. ಈಗ ಉಳಿದಿರುವುದು 1682ರಲ್ಲಿ ಶುರುವಾದದ್ದು. ಸಂಭಾಜಿ ಅಲ್ಲಿ ಕೋಟೆ ಕಟ್ಟುತ್ತಾನೆ ಅನ್ನುವ ಸುದ್ದಿ ಬಂತು. ಪೋರ್ಚುಗೀಸರು ಅವನಿಗಿಂತ ಮೊದಲೇ ಹೋಗಿ ಕೂತರು.

ದೊಡ್ಡಪ್ಪ: ಮಗಳೇ, ಫೋಟೊ ತಪ್ಪಿರಬಹುದು, ಒಪ್ಪಿದೆ. ಆದರೆ ಇಂಗ್ಲಿಷರು ಸತ್ತದ್ದು ಸುಳ್ಳಾ? ನಾನು ಶಾಲೆಯಲ್ಲಿ 30 ವರ್ಷ ಇತಿಹಾಸ ಪಾಠ ಮಾಡಿದವನು. ಅಷ್ಟು ಜನ ಒಂದೇ ಕಡೆ ಸತ್ತರೆ ಜನ ಅದಕ್ಕೆ ಒಂದು ಕಾರಣ ಕಟ್ಟುತ್ತಾರೆ. ಅದರಲ್ಲಿ ತಪ್ಪೇನು?

ನಾನು: ಸತ್ತದ್ದು ನಿಜ ದೊಡ್ಡಪ್ಪ. ಅದು ಸುಮ್ನೆ ಒಂದು ಸಾಲಿನಲ್ಲಿ ಮುಗಿಯುವ ಸಂಗತಿಯೂ ಅಲ್ಲ. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ. ವರದಕ್ಷಿಣೆಯಾಗಿ ಬೊಂಬಾಯಿ ಕೊಟ್ಟರು. ಅದನ್ನು ವಶಕ್ಕೆ ತಗೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರನ್ನು ಕರೆದುಕೊಂಡು 1662ರಲ್ಲಿ ಬಂದ. ಗೋವಾದ ವೈಸ್‌ರಾಯ್ ಬೊಂಬಾಯಿ ಬಿಟ್ಟುಕೊಡಲಿಲ್ಲ. ವಾಪಸ್ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗೂ ಇಲ್ಲ. ಪಾಪ, ಅವರನ್ನು ಅಂಜದೀಪದಲ್ಲಿ ಇಳಿಸಿದರು.

ನಾನು: ಅಲ್ಲಿ ಎರಡು ಮಳೆಗಾಲ ಕಳೆದರು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ. ಜೂನ್ ಬಂದರೆ ದೋಣಿ ದಡಕ್ಕೆ ಎಳೆದು ಮಡಲು ಮುಚ್ಚಿ ಇಡುವ ಊರು ನಮ್ಮದು. ಆ ಸಮುದ್ರದ ನಡುವೆ, ಬೆಚ್ಚಗಿನ ಸೂರಿಲ್ಲದೆ, ಜ್ವರ ಬಂದವರನ್ನು ನೋಡಿಕೊಳ್ಳುವವರಿಲ್ಲದೆ ಇದ್ದರು. 1664ರ ಏಪ್ರಿಲಿನಲ್ಲಿ ಶಿಪ್‌ಮನ್ ತೀರಿಕೊಂಡ. ವರ್ಷದ ಕೊನೆಗೆ ಉಳಿದವರು ಸುಮಾರು 100 ಜನ. ಅವರನ್ನು ಕರೆದುಕೊಂಡು ಹಂಫ್ರಿ ಕುಕ್ 1665ರ ಫೆಬ್ರುವರಿಯಲ್ಲಿ ಬೊಂಬಾಯಿ ವಶಕ್ಕೆ ತಗೊಂಡ. ಅವರನ್ನು ಕೊಂದದ್ದು ಜ್ವರ, ಮಳೆ ಮತ್ತು ಇಬ್ಬರು ರಾಜರ ನಡುವಿನ ಕಾಗದದ ಜಗಳ. ಶಾಪ ಅಂದುಬಿಟ್ಟರೆ ಆ ಜಗಳ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ, ಅಲ್ವಾ?

ಚಿಕ್ಕಮ್ಮ: ಅದೆಲ್ಲ ಇರಲಿ ಕೂಸೇ. ದೇವರ ಜಾಗ ಕೆಡವಿದರೆ ಒಳ್ಳೆಯದಾಗುವುದಿಲ್ಲ ಅನ್ನುವುದು ನಂಬಿಕೆ.

ನಾನು: ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ ಚಿಕ್ಕಮ್ಮ. ಆ ಮೆಸೇಜಿನ ಇನ್ನೊಂದು ಮಾತಿನ ಬಗ್ಗೆ ತಕರಾರು. ಆ 7 ನಾವಿಕರನ್ನು ಇದೇ ಸಾಲಿಗೆ ಸೇರಿಸಿದ್ದಾರೆ.

ಮುಂಬೈ ಭಾವ: ಮಾವ, ಅಳಿಯನಾಗಿ ಈ ಗುಂಪಿನಲ್ಲಿ ಎದುರಾಡಬಾರದು ಅಂತ ಅರ್ಧ ಗಂಟೆ ಸುಮ್ಮನಿದ್ದೆ. ಆದರೆ ನಾನು ನೌಕಾಪಡೆಯಲ್ಲಿ 15 ವರ್ಷ ಇದ್ದವನು. ಹೇಳದಿದ್ದರೆ ಈ ದಿನ ಊಟ ಸೇರುವುದಿಲ್ಲ.

ಮುಂಬೈ ಭಾವ: 1961ರ ನವೆಂಬರಿನಲ್ಲಿ ಪೋರ್ಚುಗೀಸರು ಆ ದ್ವೀಪದಿಂದ ಸಾಬರಮತಿ ಅನ್ನುವ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ದೋಣಿಯಲ್ಲಿದ್ದ ಒಬ್ಬ ಮೀನುಗಾರನನ್ನು ಕೊಂದರು. ಗೋವಾ ಬಿಡಿಸುವ ಆಪರೇಷನ್ ವಿಜಯ್ ಶುರುವಾದ ದಿನವೇ, ಡಿಸೆಂಬರ್ 18ರಂದು, ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಅಲ್ಲಿಗೆ ಹೋದವು. ನಾವಿಕರ ತಂಡ ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಯಿತು. ಮರೆಯಿಲ್ಲದ ನೀರಿನ ಮೇಲೆ, ಗುಡ್ಡದ ಮೇಲಿರುವ ಬಂದೂಕಿನ ಎದುರು ದೋಣಿಯಲ್ಲಿ ಕೂತುಕೊಳ್ಳುವುದು ಏನು ಅಂತ ಒಂದು ಕ್ಷಣ ಯೋಚಿಸಿ ಮಾವ. 7 ಜನ ಸತ್ತರು. 19 ಜನರಿಗೆ ಗಾಯ. ಮರುದಿನ ದ್ವೀಪ ಕೈಗೆ ಬಂತು.

ಮುಂಬೈ ಭಾವ: ಅವರು ಗುಡಿ ಕೆಡವಿದವರಲ್ಲ. ಕೆಡವಿದವರನ್ನು ಹೊರಗೆ ಹಾಕಲು ಹೋದವರು. ಅವರಿಗೂ ಶಾಪ ತಟ್ಟಿತು ಅಂದರೆ ಆ ತಾಯಿ ಯಾರ ಪರ? ಅವರ ಮನೆಯವರ ಮೊಬೈಲಿಗೆ ಈ ಮೆಸೇಜು ಹೋದರೆ?

(ಮುಕ್ಕಾಲು ಗಂಟೆ ಯಾರೂ ಬರೆಯಲಿಲ್ಲ. ಎಲ್ಲರೂ ಓದಿದ ನೀಲಿ ಗುರುತು ಕಾಣುತ್ತಿತ್ತು.)

ದೊಡ್ಡಪ್ಪ: ಅಳಿಯಂದಿರೇ, ಅವರನ್ನು ಹಗುರವಾಗಿ ಕಾಣಬೇಕು ಅಂತ ಹಾಕಿದ್ದಲ್ಲ. ಆರ್ಯಾದುರ್ಗೆಯ ಹೆಸರು ನೋಡಿದೆ, ಅಮ್ಮ ನೆನಪಾದಳು, ಕಳಿಸಿದೆ. ಅಷ್ಟೇ.

ಮುಂಬೈ ಭಾವ: ಗೊತ್ತು ಮಾವ.

ನಾನು: ಅಜ್ಜಿ ನನಗೂ ನೆನಪಾದಳು ದೊಡ್ಡಪ್ಪ. ಅದಕ್ಕೇ ಇಷ್ಟು ಜಗಳ ಮಾಡುತ್ತಿರುವುದು. ಅಜ್ಜಿ ಹೇಳಿದ ಕಥೆಯಲ್ಲಿ ಶಾಪ ಎಲ್ಲಿತ್ತು? ನೀವೇ ನೆನಪು ಮಾಡಿಕೊಳ್ಳಿ. ತಾಯಿ ಮೊದಲು ದ್ವೀಪದಲ್ಲಿದ್ದಳು, ಅಲ್ಲಿ ಪರಂಗಿಗಳ ಕಾಟ ಶುರುವಾಯಿತು, ಭಕ್ತರು ಅವಳನ್ನು ದೋಣಿಯಲ್ಲಿ ಅಂಕೋಲೆಗೆ ತಂದರು, ಹನುಮಟ್ಟದಲ್ಲಿ ನೆಲೆ ನಿಂತಳು. ಇಷ್ಟೇ ಕಥೆ.

ಚಿಕ್ಕಮ್ಮ: ಹೌದು. ಅತ್ತೆ ಹೇಳುತ್ತಿದ್ದದ್ದು ಹಾಗೇ. "ತಾಯಿ ಸಿಟ್ಟು ಮಾಡಲಿಲ್ಲ, ದೋಣಿ ಹತ್ತಿದಳು" ಅನ್ನುತ್ತಿದ್ದರು. ಈಗ ನೆನಪಾಯಿತು ನೋಡು. ಗುಡಿಯಲ್ಲಿ ಕಾಯಿ ಒಡೆಸಿ ತಂದರೆ ಒಂದು ಕಡಿಯನ್ನು ಅಡುಗೆಗೆ ಕೊಡುತ್ತಿರಲಿಲ್ಲ. ಹಿತ್ತಲಿನ ಪಡುವಣ ಗೋಡೆಯ ಮೇಲೆ ಇಡುತ್ತಿದ್ದರು. "ಅವಳ ಹಳೆ ಮನೆ ಆ ಕಡೆ" ಅನ್ನುತ್ತಿದ್ದರು. ಕಾಗೆ ಬಂದು ಕುಕ್ಕುವವರೆಗೂ ನಮಗೆ ಮುಟ್ಟಲು ಬಿಡುತ್ತಿರಲಿಲ್ಲ.

ತಮ್ಮ, ಬೆಂಗಳೂರು: ಇದು ನನಗೆ ಯಾರೂ ಹೇಳಿಯೇ ಇಲ್ಲ.

ಅರ್ಗಾ ಮಾವ: ಇಷ್ಟು ಹೊತ್ತು ಓದುತ್ತಿದ್ದೆ. ಭಾವ, ಕಥೆಯ ಈ ಭಾಗ ನನಗೆ ಬೇರೆ ರೀತಿ ತಟ್ಟುತ್ತದೆ. ಸೀಬರ್ಡ್ ನೌಕಾನೆಲೆಗೆ ಅರ್ಗಾ, ಚೆಂಡಿಯಾ, ತೋಡೂರು ಕಡೆಯ ಜಾಗ ಹೋಯಿತಲ್ಲ, ನಮ್ಮ ಮನೆಯೂ ಹೋಯಿತು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಮನೆ ಬಿಡುವ ಹೊತ್ತಿಗೆ ನಮ್ಮ ಅಪ್ಪ ಪಾತ್ರೆ, ಹಂಚು ಯಾವುದನ್ನೂ ಮೊದಲು ತೆಗೆಯಲಿಲ್ಲ. ತುಳಸಿಕಟ್ಟೆಯ ಮಣ್ಣನ್ನು ಗೋಣಿಯಲ್ಲಿ ತುಂಬಿ ಲಾರಿಯ ಮುಂದಿನ ಸೀಟಿನಲ್ಲಿ ಇಟ್ಟುಕೊಂಡು ಕೂತರು. ಯಾರಿಗೂ ಒಂದು ಮಾತು ಬೈಯಲಿಲ್ಲ. ದೇವಿ ದೋಣಿ ಹತ್ತಿದಳು ಅಂದರೆ ನನಗೆ ಕಾಣುವುದು ಅಪ್ಪನ ಮುಖ. ಶಾಪದ ಕಥೆ ಮಾಡಿದವರಿಗೆ ಊರು ಬಿಡುವುದು ಏನು ಅಂತ ಗೊತ್ತಿಲ್ಲ.

ದೊಡ್ಡಪ್ಪ: ಭಾವ...

ಅರ್ಗಾ ಮಾವ: ಚಿಕ್ಕವನಿದ್ದಾಗ ಒಮ್ಮೆ ದೋಣಿಯಲ್ಲಿ ಆ ದ್ವೀಪಕ್ಕೆ ಹೋಗಿದ್ದೆ, ಅಲ್ಲಿಯ ಇಗರ್ಜಿಯ (ಚರ್ಚಿನ) ಹಬ್ಬಕ್ಕೆ. ಗೋವೆಯಿಂದಲೂ ಜನ ಬರುತ್ತಿದ್ದರು. ಇಗರ್ಜಿಯ ಹೆಸರು ಬ್ರೋತಾಸ್ ಮಾತೆ, ಅಂದರೆ ಚಿಲುಮೆಗಳ ತಾಯಿ ಅಂತ ಪಾದ್ರಿಯೊಬ್ಬರು ಹೇಳಿದರು. ಸುತ್ತ ಉಪ್ಪುನೀರು, ನಡುವೆ ಸಿಹಿನೀರು. ಕೊಡಪಾನದಿಂದ ಅಂಗೈಗೆ ಹೊಯ್ದರು. ಎಳನೀರಿನ ಹಾಗೆ ತಣ್ಣಗಿತ್ತು. ಮೆಟ್ಟಿಲು ಚಿರೆಕಲ್ಲಿನದು, ಪಾಚಿ ಕಟ್ಟಿ ಜಾರುತ್ತಿತ್ತು. ಈಗ ನೌಕಾನೆಲೆಗಾಗಿ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಕಟ್ಟಿ ದ್ವೀಪವನ್ನು ದಡಕ್ಕೆ ಸೇರಿಸಿದ್ದಾರೆ. ನಡೆದು ಹೋಗುವಷ್ಟು ಹತ್ತಿರ, ಆದರೆ ನಮ್ಮಂಥವರು ಹೋಗುವ ಹಾಗಿಲ್ಲ.

ನಾನು: ಆ ನೀರಿಗಾಗಿಯೇ ಎಲ್ಲರೂ ಅಲ್ಲಿಗೆ ಬಂದದ್ದು ಮಾವ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಮರಳುವಾಗ ಹಡಗು ರಿಪೇರಿಗೆ, ನೀರಿಗೆ ಅಲ್ಲಿ ನಿಂತ. ಗೋವಾದ ದೊರೆಯ ಕಡೆಯಿಂದ ಒಬ್ಬ ಯಹೂದಿ ಅವನ ಹತ್ತಿರ ಬಂದ, ಚೆನ್ನಾಗಿ ಮಾತಾಡಿದ. ಗೂಢಚಾರ ಅಂತ ಹಿಡಿದು ಹೊಡೆದು ಲಿಸ್ಬನ್ನಿಗೇ ಒಯ್ದರು. ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು. ಆಮೇಲೆ ಅವನೇ ಅವರಿಗೆ ದುಭಾಷಿಯಾದ.

ನಾನು: ಅದಕ್ಕೂ ಮೊದಲು, 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಗೋವಾ ದಾಟಿ ಒಂದು ಸಣ್ಣ ದ್ವೀಪದಲ್ಲಿ ಇಳಿದ ಅಂತ ಬರೆದಿದ್ದಾನೆ. ದಡಕ್ಕೆ ಹತ್ತಿರ, ಒಂದು ಗುಡಿ, ತೋಟ, ನೀರಿನ ಕೆರೆ. ಅದು ಅಂಜದೀಪವೇ ಅಂತ ತುಂಬ ವಿದ್ವಾಂಸರು ಹೇಳುತ್ತಾರೆ. ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ ಒಬ್ಬ ಜೋಗಿ ಕೂತಿದ್ದ. ಮಾತಾಡಿಸಿದರೂ ಮಾತಾಡಲಿಲ್ಲ. ತಿನ್ನಲು ಏನಾದರೂ ಇದೆಯಾ ಅಂತ ಇವರು ನೋಡುತ್ತಿದ್ದಾಗ ಜೋರಾಗಿ ಕೂಗಿದ. ಮರದಿಂದ ಒಂದು ತೆಂಗಿನಕಾಯಿ ಬಿತ್ತು. ಅದನ್ನು ಇವರಿಗೆ ಕೊಟ್ಟ. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ.

ಚಿಕ್ಕಮ್ಮ: ಅಲ್ಲೂ ಕಾಯಿ! ಅತ್ತೆ ಇದ್ದಿದ್ದರೆ ಎಷ್ಟು ಖುಷಿ ಪಡುತ್ತಿದ್ದರು.

ತಮ್ಮ, ಬೆಂಗಳೂರು: ಅಕ್ಕ, ಒಂದು ಪ್ರಶ್ನೆ. ಮ್ಯಾಪಿನಲ್ಲಿ ನೋಡಿದೆ. ಕಾರವಾರದ ಮುಂದೇ ಇದೆ. ಆದರೆ ಗೋವಾ ಅಂತ ತೋರಿಸುತ್ತಿದೆ. ನಮ್ಮದಲ್ಲವಾ?

ನಾನು: ಗೋವಾಕ್ಕೆ ಸೇರಿದ್ದು, ಕಾಣಕೋಣ ತಾಲೂಕು. 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಹಾಗಾಗಿ ಗೋವಾದ ಜೊತೆ ಹೋಯಿತು. ದಡ ನಮ್ಮದು, ದ್ವೀಪ ಅವರದು.

ದೊಡ್ಡಪ್ಪ: ಇದು ಮಾತ್ರ ನಾನು ಒಪ್ಪುವುದಿಲ್ಲ. ತಾಯಿ ಅಂಕೋಲೆಯಲ್ಲಿದ್ದಾಳೆ, ಅವಳ ಮನೆ ಗೋವೆಯದ್ದು ಹೇಗೆ?

ನಾನು: ಅಲ್ಲಿ ಬದುಕಿದವರು ಎಲ್ಲ ಕಡೆಯವರು ದೊಡ್ಡಪ್ಪ. ಟಿಪ್ಪು ಕಾಲದಲ್ಲಿ ಬಿದನೂರು, ಸೋದೆ ಕಡೆಯಿಂದ ಓಡಿಬಂದ ಹಿಂದೂಗಳು, ಕ್ರೈಸ್ತರು ಇಬ್ಬರೂ ಅಲ್ಲಿ ಆಸರೆ ಪಡೆದರು. ಆಮೇಲೆ ಕೈದಿಗಳನ್ನು ತಂದಿಟ್ಟರು. ಅಲ್ಲಿಯವರು ಹತ್ತಿ ನೂಲು ತೆಗೆದು ಕಾಲುಚೀಲ ಹೆಣೆಯುತ್ತಿದ್ದರು. 1961ರಲ್ಲಿ ಕೊನೆಯವರೆಗೂ ಸಿಕ್ಕದ ಸೈನಿಕನೂ ಪರಂಗಿಯಲ್ಲ, ಮಾನುವೆಲ್ ಕೈತಾನೊ ಅನ್ನುವ ಗೋವೆಯ ಹುಡುಗ. ಈಜಿಕೊಂಡು ನಮ್ಮ ದಡಕ್ಕೆ ಬಂದ. ಡಿಸೆಂಬರ್ 22ರಂದು ಹಿಡಿದರು.

ಅರ್ಗಾ ಮಾವ: ಡಿಸೆಂಬರಿನ ಸಮುದ್ರ ಶಾಂತ ಇರುತ್ತದೆ. ಆದರೂ ಗಟ್ಟಿ ಈಜುಗಾರ.

ದೊಡ್ಡಪ್ಪ: ಸರಿ. ಆ ಮೆಸೇಜು ಎಲ್ಲರಿಗೂ ಡಿಲೀಟ್ ಮಾಡಿದೆ. ನಮ್ಮ ಹಳೆ ವಿದ್ಯಾರ್ಥಿಗಳ ಗುಂಪಿನಿಂದಲೂ ತೆಗೆದೆ. ಪುಟ್ಟಾ, ನಿನ್ನ ಆಫೀಸಿನದನ್ನೂ ತೆಗಿ.

ತಮ್ಮ, ಬೆಂಗಳೂರು: ತೆಗೆದೆ ದೊಡ್ಡಪ್ಪ. ತಪ್ಪು ಮಾಹಿತಿ ಅಂತಲೂ ಬರೆದೆ.

(ಸಂಜೆ)

ದೊಡ್ಡಪ್ಪ: ನಾನೇ ಕೂತು ಬರೆದಿದ್ದೇನೆ. ಅಳಿಯಂದಿರು ನೋಡಿ ಹೇಳಿದರೆ ಕಳಿಸುತ್ತೇನೆ.

"ಅಂಜದೀಪ ಕಾರವಾರದ ಎದುರಿನ ದ್ವೀಪ. 1961ರ ಡಿಸೆಂಬರ್ 18ರಂದು ಅದನ್ನು ಬಿಡಿಸಲು ಹೋಗಿ ನಮ್ಮ ನೌಕಾಪಡೆಯ 7 ಜನ ಪ್ರಾಣ ಕೊಟ್ಟರು. ಅಂಕೋಲೆಯ ಆರ್ಯಾದುರ್ಗೆ ಮೊದಲು ಅಲ್ಲಿದ್ದಳು ಅಂತ ನಮ್ಮ ಹಿರಿಯರ ಮಾತು. ನನ್ನ ಅಮ್ಮ ಹೇಳಿದ ಪ್ರಕಾರ ಅವಳು ಯಾರಿಗೂ ಶಾಪ ಕೊಡಲಿಲ್ಲ. ದೋಣಿಯಲ್ಲಿ ಬಂದಳು."

ಚಿಕ್ಕಮ್ಮ: ಕಾಯಿ ಕಡಿಯದ್ದನ್ನೂ ಸೇರಿಸಿ ಭಾವ.

ದೊಡ್ಡಪ್ಪ: ಅದು ಮನೆಯದ್ದು. ಮನೆಯಲ್ಲೇ ಇರಲಿ.

ಮುಂಬೈ ಭಾವ: ಕಳಿಸಿ ಮಾವ.