ಎಸ್‌ಎಟಿ ಗಣಿತಕ್ಕೆ ಇನ್ನೊಂದೇ ವಾರ: ಈಗ ಏನು ಮಾಡಿಸಬೇಕು?

ಅಕ್ಕ, ನಮಸ್ಕಾರ. ಬರುವ ಶನಿವಾರ ಮಗಳಿಗೆ ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಇದೆ, ಮ್ಯಾಥ್ಸ್ 800ಕ್ಕೆ 640ರಲ್ಲೇ ನಿಂತುಬಿಟ್ಟಿದೆ, ದಿನಕ್ಕೊಂದು ಪ್ರಾಕ್ಟಿಸ್ ಟೆಸ್ಟ್ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಇಲ್ಲಿ ನಮ್ಮವರ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾ ನನಗೆ ಮನದಟ್ಟಾಗಿರುವುದು ಇಷ್ಟು: ಕೊನೆಯ ವಾರದಲ್ಲಿ ಅಂಕ ಏರಬೇಕಾದರೆ ಮಾಡಿದ ತಪ್ಪನ್ನೇ ಮತ್ತೆ ಮಾಡುವುದು ನಿಲ್ಲಬೇಕು.

ಈ ಪರೀಕ್ಷೆ ಬರೆಯುವುದೇ ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ; ಅದರಲ್ಲಿ ಅವಳು ಈಗಾಗಲೇ ಬರೆದಿರುವ ಟೆಸ್ಟ್‌ಗಳನ್ನು ತೆರೆಯಿರಿ. ತಪ್ಪಾದ ಲೆಕ್ಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಪಕ್ಕ ಕಾರಣ ಬರೆಯಲಿ: ವಿಷಯವೇ ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಟೈಮ್ ಸಾಲಲಿಲ್ಲವೋ. 640ರ ಆಸುಪಾಸಿನ ಮಕ್ಕಳಲ್ಲಿ ಎರಡನೆಯ ಕಾರಣ ಎಷ್ಟು ಸಲ ಬರುತ್ತದೆಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. 3ಎಕ್ಸ್ + 6 = 24 ಎಂದು ಕೊಟ್ಟು, ಎಕ್ಸ್ + 2 ಎಷ್ಟು ಎಂದು ಕೇಳಿರುತ್ತಾರೆ. ಮಗು ಎಕ್ಸ್ 6 ಎಂದು ಸರಿಯಾಗಿಯೇ ಕಂಡುಹಿಡಿದು, ಆಯ್ಕೆಗಳಲ್ಲಿ 6 ಕಂಡ ಕೂಡಲೇ ಒತ್ತಿಬಿಡುತ್ತದೆ. ಉತ್ತರ 8. ಎರಡೂ ಕಡೆ ಮೂರರಿಂದ ಭಾಗಿಸಿದ್ದರೆ ಒಂದೇ ಹೆಜ್ಜೆಗೆ ಸಿಗುತ್ತಿತ್ತು. ಇಂಥದ್ದಕ್ಕೆ ಇನ್ನೊಂದು ಚಾಪ್ಟರ್ ಓದಿಸಿ ಏನೂ ಪ್ರಯೋಜನವಿಲ್ಲ. ಉತ್ತರ ಒತ್ತುವ ಮೊದಲು ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದುವ ಅಭ್ಯಾಸ ಈ ವಾರ ಕೂಡಿಬಂದರೆ ಅದೇ ದೊಡ್ಡದು.

ಗೊತ್ತಿಲ್ಲದ ವಿಷಯಗಳ ಪೈಕಿ ಆಲ್ಜೀಬ್ರಾ ಮತ್ತು ಅಡ್ವಾನ್ಸ್ಡ್ ಮ್ಯಾಥ್‌ಗೆ ಸೇರಿದ್ದನ್ನು ಮಾತ್ರ ಹಿಡಿಯಿರಿ. ಪೇಪರಿನ ಸುಮಾರು 70 ಪರ್ಸೆಂಟ್ ಇವೆರಡೇ. ಜ್ಯಾಮಿತಿ, ತ್ರಿಕೋನಮಿತಿ ಸೇರಿ 15 ಪರ್ಸೆಂಟ್ ಇರಬಹುದು. ಅದರ ಮುಖ್ಯ ಸೂತ್ರಗಳು ಪರದೆಯ ಮೇಲೇ ಸಿಗುತ್ತವೆ.

ಈಗ ನಮ್ಮ ಅಪ್ಪ-ಅಮ್ಮಂದಿರ ಮಾತು. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಸ್ಟೆಪ್ಸ್ ಬರೆದರೆ ಉತ್ತರ ತಪ್ಪಿದರೂ ಅಷ್ಟಿಷ್ಟು ಮಾರ್ಕ್ಸ್ ಬರುತ್ತಿತ್ತು. ಕ್ಯಾಲ್ಕುಲೇಟರ್ ಮುಟ್ಟಿದರೆ ಸೋಮಾರಿ ಎನಿಸಿಕೊಳ್ಳುತ್ತಿದ್ದೆವು. ಅದನ್ನೇ ಮಕ್ಕಳ ತಲೆಗೂ ತುಂಬುತ್ತೇವೆ. ಈ ಪರೀಕ್ಷೆಯಲ್ಲಿ ಉತ್ತರಕ್ಕೆ ಮಾತ್ರ ಬೆಲೆ, ಮತ್ತು ಗ್ರಾಫ್ ಬಿಡಿಸಿ ತೋರಿಸುವ ಡೆಸ್ಮೋಸ್ ಕ್ಯಾಲ್ಕುಲೇಟರ್ ಆ್ಯಪ್‌ನೊಳಗೇ ಇಡೀ ಹೊತ್ತು ಕೈಗೆ ಸಿಗುತ್ತದೆ. ಒಂದು ಗೆರೆ, ಒಂದು ಪ್ಯಾರಾಬೋಲ ಎಲ್ಲಿ ಸೇರುತ್ತವೆ ಎಂದು ಕೇಳಿದರೆ ಎರಡೂ ಸಮೀಕರಣ ಟೈಪ್ ಮಾಡಿ, ಸೇರುವ ಚುಕ್ಕೆ ಒತ್ತಿದರಾಯಿತು. ಕೈಯಲ್ಲಿ ಬಿಡಿಸುತ್ತ ಕೂತರೆ ಎರಡು ಮೂರು ನಿಮಿಷ ಹೋಗುತ್ತದೆ, ಪ್ಲಸ್-ಮೈನಸ್ ತಪ್ಪುವ ಭಯ ಬೇರೆ. ಈ ವಾರ ದಿನಾ ಅರ್ಧ ಗಂಟೆ ಡೆಸ್ಮೋಸ್‌ನಲ್ಲೇ ಲೆಕ್ಕ ಮಾಡಿಸಿ. ಇಡೀ ವಾರದಲ್ಲಿ ಒಂದೇ ಕೆಲಸಕ್ಕೆ ಸಮಯ ಎಂದಾದರೆ ನಾನು ಆರಿಸುವುದು ಇದನ್ನೇ.

ಇನ್ನೊಬ್ಬರು, ಗೊತ್ತಿಲ್ಲದ್ದನ್ನು ಖಾಲಿ ಬಿಡಲು ಮಗನಿಗೆ ಹೇಳಿದ್ದೇನೆ ಎಂದು ಬರೆದಿದ್ದಾರೆ. ಸರ್, ಅದು ಜೆಇಇ ಲೆಕ್ಕಾಚಾರ. ಇಲ್ಲಿ ನಮ್ಮ ಸಿಇಟಿಯ ಹಾಗೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬಾರದು.

ಗಣಿತಕ್ಕೆ ಎರಡು ಮಾಡ್ಯೂಲ್ (ಭಾಗ); ಒಂದೊಂದರಲ್ಲಿ 22 ಪ್ರಶ್ನೆ, 35 ನಿಮಿಷ. ಮೊದಲನೆಯದನ್ನು ಹೇಗೆ ಮಾಡಿದರು ಎಂಬುದರ ಮೇಲೆ ಎರಡನೆಯದು ಕಠಿಣವಾಗಿಯೋ ಸುಲಭವಾಗಿಯೋ ಬರುತ್ತದೆ. ಸುಲಭದ್ದು ಬಂದರೆ ಎಲ್ಲ ಸರಿ ಮಾಡಿದರೂ ಮೇಲಿನ ಅಂಕಗಳು ಕೈಗೆಟುಕುವುದಿಲ್ಲ. ಹಾಗಾಗಿ ಮೊದಲ ಮಾಡ್ಯೂಲ್‌ನಲ್ಲಿ ಅವಸರ ಬೇಡವೇ ಬೇಡ. ಕಗ್ಗಂಟಾದ ಪ್ರಶ್ನೆಗೆ ಏನಾದರೊಂದು ಉತ್ತರ ಕೊಟ್ಟು, ಗುರುತು ಹಾಕಿ ಮುಂದೆ ಹೋಗಲಿ. ಕೊನೆಯ ಐದಾರು ನಿಮಿಷ ಅದಕ್ಕೆ ಉಳಿಸಿಕೊಳ್ಳಲಿ. ಎರಡನೆಯದು ಕಷ್ಟ ಎನಿಸಿದರೆ ಗಾಬರಿಯಾಗಬಾರದು, ಅದು ಒಳ್ಳೆಯ ಸೂಚನೆ ಎಂದು ಮೊದಲೇ ಹೇಳಿಟ್ಟಿರಿ. ಇದು ಗೊತ್ತಿಲ್ಲದೆ ಅಲ್ಲೇ ಕುಸಿದುಹೋಗುವ ಮಕ್ಕಳಿದ್ದಾರೆ.

ಉತ್ತರವನ್ನು ತಾವೇ ಟೈಪ್ ಮಾಡುವ ಪ್ರಶ್ನೆಗಳೂ ಇರುತ್ತವೆ, ಹೆಚ್ಚುಕಡಿಮೆ ಕಾಲು ಭಾಗ. ಅಲ್ಲಿ ಮೂರೂವರೆಯನ್ನು 3.5 ಅಥವಾ 7/2 ಎಂದೇ ಕೊಡಬೇಕು. 3 1/2 ಎಂದು ಒತ್ತಿದರೆ ಕಂಪ್ಯೂಟರು ಅದನ್ನು 31/2 ಎಂದು ಓದುತ್ತದೆ.

ಬುಧವಾರದೊಳಗೆ ಒಂದೇ ಒಂದು ಪೂರ್ತಿ ಟೆಸ್ಟ್ ಬರೆಸಿ, ಬೆಳಿಗ್ಗೆ ಎಂಟರ ಹೊತ್ತಿಗೆ. ಗಣಿತ ಬರುವುದು ಇಂಗ್ಲಿಷ್ ಮುಗಿದ ಮೇಲೆ, ದಣಿದ ತಲೆಗೆ. ಅದಕ್ಕೇ ಬರೀ ಗಣಿತ ಬರೆಸಿದರೆ ಸಾಲದು. ಶುಕ್ರವಾರ ಪುಸ್ತಕ ಮುಚ್ಚಿಸಿ. ಲ್ಯಾಪ್‌ಟಾಪ್ ಚಾರ್ಜ್ ಆಗಿದೆಯೇ, ಬ್ಲೂಬುಕ್‌ನಲ್ಲಿ ಎಕ್ಸಾಮ್ ಸೆಟಪ್ ಮುಗಿದಿದೆಯೇ, ಫೋಟೋ ಐಡಿ ಬ್ಯಾಗಿನಲ್ಲಿದೆಯೇ ಎಂದು ನೀವು ನೋಡಿಕೊಳ್ಳಿ. ಆ ರಾತ್ರಿ ಊರಿನಿಂದ ಅಜ್ಜಿ-ತಾತ ಫೋನ್ ಮಾಡಿದರೆ ಪರೀಕ್ಷೆಯ ಮಾತು ಎತ್ತದಂತೆ ಮೊದಲೇ ಹೇಳಿರಿ. ಅವರ ಹಾರೈಕೆಯೂ ಆ ಹೊತ್ತಿನಲ್ಲಿ ಮಗುವಿಗೆ ಭಾರವೇ.

ಅವಳಿನ್ನೂ ಜೂನಿಯರ್ (ಹನ್ನೊಂದನೇ ಕ್ಲಾಸ್) ಅಲ್ಲವೇ? ಅಂದಮೇಲೆ ಆಗಸ್ಟ್, ಅಕ್ಟೋಬರ್‌ನಲ್ಲಿ ಮತ್ತೆ ಬರೆಯಬಹುದು. ಬೇರೆ ಬೇರೆ ಸಲದ ಒಳ್ಳೆಯ ಗಣಿತ, ಒಳ್ಳೆಯ ಇಂಗ್ಲಿಷ್ ಅಂಕಗಳನ್ನು ಕೂಡಿಸಿ ನೋಡುವ ಕಾಲೇಜುಗಳು ಬೇಕಾದಷ್ಟಿವೆ. ಅವಳು ಅರ್ಜಿ ಹಾಕುವ ಕಾಲೇಜು ಹಾಗೆ ಮಾಡುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ನಾಳೆ ಕನ್ನಡ ತರಗತಿ ಮುಗಿದ ಮೇಲೆ ನಾನು ಅಲ್ಲೇ ಇರುತ್ತೇನೆ. ಅವಳನ್ನು ಕರೆದುಕೊಂಡು ಬನ್ನಿ, ತಪ್ಪುಗಳ ಹಾಳೆಯನ್ನೂ ಲ್ಯಾಪ್‌ಟಾಪನ್ನೂ ತರಲಿ. ಡೆಸ್ಮೋಸ್ ಕೂತು ತೋರಿಸುತ್ತೇನೆ.